ಉಪ್ಪು ನೋಡುವವರು

ಲತೀಫಾ ಟೀಚರ್ ತೀರಿಕೊಂಡ ಮೂರನೆಯ ದಿನ ಅವರ ಗಂಡ ಅಬ್ದುಲ್ ವಹೀದರು ಮನೆಯಲ್ಲಿ ಉಣ್ಣುವುದನ್ನು ಬಿಟ್ಟರು.

ಅಲ್ಲಿಯವರೆಗೆ ಆ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಸಾವಾದ ಮನೆಯಲ್ಲಿ ಮೂರು ದಿನ ಅಡುಗೆ ಮಾಡುವುದಿಲ್ಲ. ರಾಯಚೂರಿನ ಅಂದ್ರೂನ್ ಕಿಲ್ಲಾದ ಆ ಓಣಿಯವರು ಸರದಿ ಹಚ್ಚಿಕೊಂಡು ಒಂದು ಮನೆಯಿಂದ ಖಿಚಡಿ, ಇನ್ನೊಂದು ಮನೆಯಿಂದ ರೊಟ್ಟಿ ಬೇಳೆ ಕಳಿಸುತ್ತಿದ್ದರು. ಬುಧವಾರ ಬೆಳಿಗ್ಗೆ ಗಂಡಸರು ಖಬರಸ್ತಾನಕ್ಕೆ ಹೋಗಿ ಹೂವು ಹಾಕಿ ಬಂದ ಮೇಲೆ ಸೊಸೆ ತಹಸೀನ್ ಗ್ಯಾಸ್ ಹಚ್ಚಿದಳು. ಅನ್ನ ಮಾಡಿದಳು, ಹುಣಸೆಹಣ್ಣು ಹಿಂಡಿ ಖಟ್ಟಾ ಮಾಡಿದಳು, ನಾಲ್ಕು ಮೊಟ್ಟೆ ಕುದಿಸಿದಳು. ನೆಲದ ಮೇಲೆ ಊಟದ ಬಟ್ಟೆ, ದಸ್ತರಖಾನ, ಹಾಸಿ ಮಾವನ ತಟ್ಟೆ ಮೊದಲು ಇಟ್ಟಳು.

ವಹೀದರು ಒಂದು ತುತ್ತು ಬಾಯಿಗಿಟ್ಟು, ನಿಧಾನಕ್ಕೆ ನುಂಗಿ, ನೀರು ಕುಡಿದರು. ಮಗ ರಾಹಿಲ್‌ಗೆ ಅಷ್ಟು ತಾಳ್ಮೆ ಇಲ್ಲ.

"ಏನಿದು, ಉಪ್ಪಿನ ಡಬ್ಬಿನೇ ಸುರುವಿದಿ ಏನು? ಬಾಯಾಗ ಇಡಾಕ ಬರವಲ್ದು."

"ಎರಡು ಸಲ ಬಿತ್ತೇನೋ," ಅಂದಳು ತಹಸೀನ್. "ನೆಪ್ಪಿಲ್ಲ ನನಗ."

"ಬಡಿಸೂಕಿಂತ ಮೊದಲು ಉಪ್ಪು ನೋಡಬಾರದೇನು?"

ಅವರ ಮಗಳು ಗುಲ್ಫಶಾ, ಪಿಯುಸಿ ಓದುವ ಹುಡುಗಿ, ದಾದಿಯ, ಅಂದರೆ ಅಜ್ಜಿಯ, ಖಾಲಿ ಮಂಚಕ್ಕೆ ಒರಗಿ ಕೂತಿದ್ದಳು. ತಟ್ಟೆ ಮುಟ್ಟಿರಲಿಲ್ಲ.

"ಈ ಮನ್ಯಾಗ ಉಪ್ಪು ನೋಡೋರು ಒಬ್ಬರ ಇದ್ರು ಅಬ್ಬು," ಅಂದಳು. "ನೋಡ್ತೀನಿ ಕೊಡು ಅಂದ್ರ ಅಮ್ಮಿ ಕೊಡ್ಲಿಲ್ಲ."

ವಹೀದರು ತಲೆ ಎತ್ತಿದರು. "ಏನಂದಿ ಬೇಟಾ?"

"ಹೋದ ಗುರುವಾರ, ದಾದಾ. ಅಮ್ಮಿ ಪುಂಡಿಪಲ್ಯ ಮಾಡಿದ್ಲು. ದಾದಿಮಾಗ ವಾಸನಿ ಬಂತು. ಒಂದು ಚಮಚ ತಾ, ನುಂಗೂದಿಲ್ಲ, ನಾಲಿಗಿಗೆ ಹಚ್ಚಿ ಉಗುಳತೀನಿ ಅಂದ್ರು. ಅದಕ್ಕ ಅಮ್ಮಿ, ಮಾರ್ಕ್ಸ್ ಹಾಕೂದು ಇನ್ನ ಸಾಕಮ್ಮಾ, ನಾ ಈಗ ನಿಮ್ಮ ಸ್ಟೂಡೆಂಟ್ ಅಲ್ಲ ಅಂತ ಅಂದು ಒಳಗ ಹೋದ್ಲು. ದಾದಿಮಾ ಗ್ವಾಡಿ ಕಡೆ ಹೊಳ್ಳಿ ಮಲಕೊಂಡ್ರು."

ತಹಸೀನ್ ಸೌಟು ಹಿಡಿದೇ ನಿಂತಿದ್ದಳು. "ಅಬ್ಬಾ, ಡಾಕ್ಟರ್ ಏನು ಹೇಳಿದ್ರು ನಿಮಗೂ ಗೊತ್ತದ. ಅಮ್ಮಾನೇ ಬರದು ಹಚ್ಯಾರ. ಅಲ್ಲಿ ನೋಡ್ರಿ."

ಅಡುಗೆಮನೆಯ ಗೋಡೆಯ ಮೇಲೆ ಒಂದು ಡ್ರಾಯಿಂಗ್ ಹಾಳೆ ಇತ್ತು. ಮೂತ್ರಪಿಂಡ ಕೆಟ್ಟಿದೆ ಎಂದು ಗೊತ್ತಾದ ವಾರವೇ ಲತೀಫಾ ಟೀಚರ್ ಸ್ಕೇಲು ಹಿಡಿದು ಗೆರೆ ಎಳೆದು ಬರೆದದ್ದು. ಬೆಳಿಗ್ಗೆ ಏನು, ಮಧ್ಯಾಹ್ನ ಎಷ್ಟು, ನೀರು ಎಷ್ಟು ಲೋಟ. ಕೆಳಗೆ ಕೆಂಪು ಶಾಯಿಯಲ್ಲಿ: 'ಉಪ್ಪು ಇಲ್ಲ. ಉಪ್ಪಿನಕಾಯಿ, ಹಪ್ಪಳ ಇಲ್ಲ. ನಾನು ಕೇಳಿದರೂ ಕೊಡಬಾರದು.' ಅದರ ಕೆಳಗೆ ಸಹಿ, ತಾರೀಖು.

ವಹೀದರು ಅದನ್ನು ಓದಲಿಲ್ಲ. ಎಂಟು ತಿಂಗಳಿಂದ ಓದುತ್ತಲೇ ಬಂದಿದ್ದರು. "ಆ ದಿನ ಕೇಳಿದ್ದು ಆ ಕಾಗದ ಅಲ್ಲ, ತಹಸೀನ್. ಅಕಿ ಕೇಳಿದ್ಲು," ಅಂದರು. ಎದ್ದು ಕೈ ತೊಳೆದುಕೊಂಡರು. ಟೋಪಿ ಹಾಕಿಕೊಂಡು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ಇನ್ನ ಮ್ಯಾಲ ನನ್ನ ಊಟ ಹೊರಗ," ಅಂದು ಹೋದರು.

*

ಹೊರಗಿನ ಊಟ ಅವರಿಗೆ ಹೊಸದಲ್ಲ. ಲತೀಫಾ ಟೀಚರ್‌ಗೆ ಗೃಹವಿಜ್ಞಾನದ ಶಿಕ್ಷಕಿಯಾಗಿ ಮೊದಲು ಕೆಲಸ ಸಿಕ್ಕಿದ್ದು ದೇವದುರ್ಗದಲ್ಲಿ. ಹದಿನಾರು ವರ್ಷ ಅಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು, ಸಣ್ಣ ರಾಹಿಲ್‌ನನ್ನು ಜೊತೆಗಿಟ್ಟುಕೊಂಡು ಇದ್ದರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುವುದು, ಸೋಮವಾರ ಮೊದಲನೆಯ ಬಸ್ಸಿಗೆ ಹೋಗುವುದು. ವಹೀದರು ತೀನ್ ಕಂದೀಲ್ ಹತ್ತಿರ ಪಾತ್ರೆ ಅಂಗಡಿ ನಡೆಸುತ್ತ, ವಾರದ ಐದು ದಿನ ಪಕ್ಕದ ಹೋಟೆಲಿನಲ್ಲಿ ಉಣ್ಣುತ್ತಿದ್ದರು. ಆಮೇಲೆ ಮಾನ್ವಿಗೆ ವರ್ಗ ಆಯಿತು. ಇಪ್ಪತ್ತು ವರ್ಷ ದಿನಾ ಬಸ್ಸಿನಲ್ಲಿ ಹೋಗಿ ಬಂದರು. ಟಿಫಿನ್ ಡಬ್ಬಿ, ಛತ್ರಿ, ಹುಡುಗಿಯರ ಹೊಲಿಗೆಯ ತುಂಡುಬಟ್ಟೆಗಳಿದ್ದ ಚೀಲ.

ಹೊಲಿಗೆಗಿಂತ ಅವರ ಹೆಸರು ನಡೆದದ್ದು ಅಡುಗೆಯ ಪ್ರಾಕ್ಟಿಕಲ್‌ನಲ್ಲಿ. ಯಾವ ಹುಡುಗಿ ಏನು ಮಾಡಿದರೂ ಟೀಚರ್ ಒಂದು ಚಮಚ ಅಂಗೈಗೆ ಹಾಕಿಸಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ ನೋಡಿ ಒಂದೇ ಮಾತು ಹೇಳುತ್ತಿದ್ದರು. ಶಾಲೆಗೆ ಬಿಸಿಯೂಟ ಬಂದ ಮೇಲೆ ಮಕ್ಕಳಿಗೆ ಬಡಿಸುವ ಮೊದಲು ರುಚಿ ನೋಡಿ ವಹಿಯಲ್ಲಿ ಸಹಿ ಮಾಡುವ ಕೆಲಸವೂ ಅವರದೇ ಆಯಿತು. ನಿವೃತ್ತಿಯ ದಿನ ಶಾಲೆಯವರು ಶಾಲು ಹೊದಿಸಿ ಕಳಿಸಿದರು. ಮರುದಿನವೇ ಅವರು ಪೇಟೆಯಿಂದ ಅಂಥದೇ ಒಂದು ಉದ್ದನೆಯ ವಹಿ ತಂದು, ಗೆರೆ ಎಳೆದು, ಮನೆಯ ಅಡುಗೆಮನೆಯ ಮೊಳೆಗೆ ತೂಗುಹಾಕಿದರು.

ತಹಸೀನಳ ತವರು ತುಂಗಭದ್ರೆಯ ದಂಡೆಯ ಚೀಕಲಪರ್ವಿ. ಅವಳು ಮಾನ್ವಿಯಲ್ಲಿ ಅವರ ವಿದ್ಯಾರ್ಥಿನಿಯಾಗಿದ್ದಳು. ಪ್ರಾಕ್ಟಿಕಲ್‌ನಲ್ಲಿ ಐವತ್ತಕ್ಕೆ ಇಪ್ಪತ್ತೊಂದು ತಗೊಂಡವಳು. ಅವಳ ರೂಪ ನೋಡಿ, ನಡತೆ ನೋಡಿ ಟೀಚರೇ ಮಗನಿಗೆ ಕೇಳಿ ತಂದುಕೊಂಡಿದ್ದರು. "ಅಡಿಗಿ ಕಲಸ್ತೀನಿ ಬಿಡ್ರಿ," ಅಂತ ಅವಳ ತಾಯಿಗೆ ಹೇಳಿದ್ದರು. ಆ ಮಾತನ್ನು ಹತ್ತೊಂಬತ್ತು ವರ್ಷ ನಡೆಸಿದರು. ನಿವೃತ್ತಿಯಾದ ಮೇಲಂತೂ ವಹಿಯಲ್ಲಿ ದಿನಕ್ಕೊಂದು ಸಾಲು. 'ಬದನೆಕಾಯಿ: ಎಣ್ಣೆ ಹೆಚ್ಚು.' 'ತೊಗರಿಬೇಳೆ: ಬೆಂದಿಲ್ಲ. ಉಪ್ಪು ಸರಿ.' 'ಖೀರು: ಚೆನ್ನಾಗಿದೆ. ಏಲಕ್ಕಿ ಮರೆತಿದೆ.' ಬಂದವರು ಓದಿ ನಗುತ್ತಿದ್ದರು. ತಹಸೀನ್ ಎಂದೂ ನಕ್ಕಿರಲಿಲ್ಲ.

ಉಪ್ಪು ಬಿಟ್ಟ ದಿನ ಟೀಚರ್ ಆ ವಹಿ ಮುಚ್ಚಿದರು. ಆಮೇಲೆ ತೆರೆಯಲೇ ಇಲ್ಲ.

*

ಮೊದಲ ಎರಡು ವಾರ ತಹಸೀನ್ ಮಧ್ಯಾಹ್ನ ಮಾವನ ತಟ್ಟೆ ಬಡಿಸಿ ಮುಚ್ಚಿಡುತ್ತಿದ್ದಳು. ವಹೀದರು ಮಧ್ಯಾಹ್ನದ ಜೊಹರ್ ನಮಾಜ್ ಮುಗಿಸಿ ಮಸೀದಿಯಿಂದ ಸೀದಾ ಹೋಟೆಲಿಗೆ ಹೋಗುತ್ತಿದ್ದರು. ನಾಲ್ಕು ಗಂಟೆಗೆ ಆ ತಟ್ಟೆಯನ್ನು ಅವಳೇ ತೆಗೆದುಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದಳು. ತಣ್ಣಗಾದ ರೊಟ್ಟಿ ಚರ್ಮದಂತೆ ಆಗಿರುತ್ತಿತ್ತು.

ಮಗಳು ತಾಯಿಯ ಕೂಡ ಮಾತು ಬಿಟ್ಟಿದ್ದಳು. ಕಾಲೇಜಿನಿಂದ ಬಂದು ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಿದ್ದಳು, ತಾನೇ ಬಡಿಸಿಕೊಳ್ಳುತ್ತಿದ್ದಳು.

"ಓಣಿ ಮಂದಿ ಕೇಳಾಕತ್ಯಾರ," ಅಂದ ರಾಹಿಲ್ ಒಂದು ದಿನ, ಅಂಗಡಿಗೆ ಹೊರಟವನು. "ನಿಮ್ಮಪ್ಪ ಮನಿ ಬಿಟ್ಟು ಹೋಟೆಲಿನ್ಯಾಗ ಯಾಕ ಉಣ್ತಾರ ಅಂತ. ನಾ ಏನಂತ ಹೇಳ್ಲಿ?"

"ಹೇಳ್ರಿ, ನನ್ನ ಹೆಂಡ್ತಿ ನಮ್ಮಮ್ಮನ್ನ ಉಪವಾಸ ಕೆಡವಿ ಕೊಂದ್ಲು ಅಂತ."

"ಹಂಗ ಯಾರಂದ್ರು? ಒಂದು ಮಾತು ಮಾಫಿ ಕೇಳಿಬಿಡು, ಮುಗೀತದ."

"ಯಾರಿಗೆ ಕೇಳ್ಲಿ? ಕೇಳಬೇಕಾದೋರು ಮಣ್ಣಾಗ ಮಲಗ್ಯಾರ." ಅವಳು ಹಿಟ್ಟಿನ ಕೈಯಲ್ಲೇ ಹಣೆ ಒರೆಸಿಕೊಂಡಳು. "ಎಂಟು ತಿಂಗಳು ಎರಡೆರಡು ಪಾತ್ರಿ ಇಟ್ಟು ಅಡಿಗಿ ಮಾಡೀನಿ. ಉಪ್ಪಿಂದು ಒಂದು, ಸಪ್ಪಂದು ಒಂದು. ಕಾಲು ಬಾತಾಗ ಒತ್ತೀನಿ. ಹೇಲು ಉಚ್ಚಿ ಬಳದೀನಿ. ಅದನ್ಯಾರೂ ವಹಿದಾಗ ಬರೀಲಿಲ್ಲ. ಒಂದು ಚಮಚ ಮಾತ್ರ ಎಲ್ಲರಿಗೂ ಕಂಡದ."

ರಾಹಿಲ್ ಚಪ್ಪಲಿ ಮೆಟ್ಟಿದ. "ಅಬ್ಬಾಗ ಎಪ್ಪತ್ತಾರು ವರ್ಷ. ಹೋಟೆಲಿನ ಎಣ್ಣಿ ತಿಂದು ಎದಿ ಉರಿ ಅಂತಾರ. ಅದನ್ನರ ತಿಳಕೋ," ಅಂದು ಹೋದ.

ಅವನು ಹೋದ ಮೇಲೆ ಅವಳು ಬೇಳೆಗೆ ಉಪ್ಪು ಹಾಕಲು ಡಬ್ಬಿ ತೆಗೆದಳು. ತಿರುಗಿ ನೋಡಿದರೆ ಪಕ್ಕದ ಕಟ್ಟೆಯ ಮೇಲೆ ಒಂದು ಸ್ಟೀಲ್ ಬಟ್ಟಲಲ್ಲಿ ಸಪ್ಪನೆಯ ಬೇಳೆ ಹಬೆಯಾಡುತ್ತಿತ್ತು. ಯಾವಾಗ ತೆಗೆದಿಟ್ಟಳೋ ಅವಳಿಗೆ ಗೊತ್ತಿಲ್ಲ. ಟೀಚರ್ ಹೋಗಿ ಹದಿನೇಳು ದಿನವಾಗಿತ್ತು. ಆ ಬಟ್ಟಲನ್ನು ಎತ್ತಿ ನಿಂತಲ್ಲೇ ಕುಡಿದಳು.

*

ನಲವತ್ತನೆಯ ದಿನದ ಫಾತಿಹಾಕ್ಕೆ, ತೀರಿಕೊಂಡವರ ಹೆಸರಿನ ಪ್ರಾರ್ಥನೆ ಮತ್ತು ಊಟಕ್ಕೆ, ಹೇಳಿಬರಲು ವಹೀದರು ಮೊಮ್ಮಗಳನ್ನು ಕರೆದುಕೊಂಡು ಊರೂರು ತಿರುಗಿದರು. ಮಾನ್ವಿಯಲ್ಲಿ ಟೀಚರ್ ಜೊತೆ ಕೆಲಸ ಮಾಡಿದವರು, ಚೀಕಲಪರ್ವಿಯಲ್ಲಿ ಬೀಗರು. ತಹಸೀನಳ ತಾಯಿ ಬೀಗರಿಗೆ ಚಹ ಕೊಟ್ಟು, "ನನ್ನ ಮಗಳು ಹೆಂಗದಾಳ?" ಅಂದರು. ವಹೀದರು "ಅದಾಳ" ಅಂದರು. ಅಷ್ಟೇ.

ದೇವದುರ್ಗದ ರಸ್ತೆಯ ಎರಡೂ ಕಡೆ ಹತ್ತಿ ಬಿಡಿಸುವ ಹಂಗಾಮು ನಡೆದಿತ್ತು. ಶಾಲೆಯಲ್ಲಿ ಗೃಹವಿಜ್ಞಾನ ಈಗ ಇರಲಿಲ್ಲ. ಪ್ರಾಕ್ಟಿಕಲ್ ಕೋಣೆಯಲ್ಲಿ ಮುರಿದ ಬೆಂಚುಗಳನ್ನು ಒಟ್ಟಿದ್ದರು. ಗೋಡೆಗುಂಟ ಸ್ಟವ್ ಇಡುವ ಶಹಾಬಾದಿ ಕಲ್ಲಿನ ಕಟ್ಟೆ ಮಾತ್ರ ಹಾಗೇ ಇತ್ತು. ವಹೀದರು ಅದರ ಮುಂದೆ ನಿಂತು ಗೇಣು ಹಾಕಿ ಎತ್ತರ ಅಳೆದರು.

"ನಾಲ್ಕು ಗೇಣು ಇಲ್ಲ ನೋಡು. ಹುಡಿಗ್ಯಾರು ಗಿಡ್ಡ ಇರ್ತಾವ, ಕೈಗೆ ನಿಲುಕಬೇಕು ಅಂತ ಕಡಿಮಿ ಮಾಡಿಸಿದ್ಲು. ಕಲ್ಲು ನಾನ ಲಾರಿ ಮ್ಯಾಲ ಕಳಿಸಿದ್ದೆ. ಆರು ಜೋಡಿ ಪಾತ್ರಿನೂ."

"ನೀವು ಬಂದು ನೋಡಿದ್ರೇನು ದಾದಾ?"

"ಎಲ್ಲಿ ನೋಡೂದು? ಅಂಗಡಿ ಬಿಟ್ಟು ಬರಾಕ ಆಗ್ತಿರಲಿಲ್ಲ." ಅವರು ಕಲ್ಲಿನ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದರು. "ಅಕಿ ಇಲ್ಲಿದ್ದ ಹದಿನಾರು ವರ್ಷದಾಗ ಒಮ್ಮೆನೂ ಬರಲಿಲ್ಲ. ಇದ ಮೊದಲನೇ ಸಲ ಬಂದೀನಿ."

ಅಲ್ಲಿಂದ ಕೃಷ್ಣೆಯ ದಂಡೆಯ ಗೂಗಲ್‌ಗೆ ಹೋದರು. ಟೀಚರ್‌ನ ಹಳೆಯ ಶಿಷ್ಯೆ ಯಂಕಮ್ಮ ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವಳು. ಕುರಿ ಕಾಯುವ ಮನೆತನದ ಹೆಂಗಸು, ಐವತ್ತೈದರ ಆಸುಪಾಸು. ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. ವಹೀದರು ಹೇಳುತ್ತಿದ್ದಂತೆ ಅವಳು ಅಡುಗೆಕೋಣೆಯ ಹೊಸ್ತಿಲ ಮೇಲೇ ಕುಸಿದು ಕೂತಳು.

"ಯವ್ವಾ, ನನ್ನವ್ವಾ," ಎಂದು ಸೆರಗು ಬಾಯಿಗೆ ಹಿಡಿದುಕೊಂಡಳು. ಅತ್ತು ಮುಗಿದ ಮೇಲೆ ಗುಲ್ಫಶಾಳ ಗದ್ದ ಹಿಡಿದು ನೋಡಿದಳು. "ಟೀಚರಮ್ಮನ ಮೂಗು ಬಂದದ ನೋಡವ್ವ ನಿನಗ. ನಾ ಏಳನೇ ಕ್ಲಾಸಿನ್ಯಾಗ ಇದ್ದೆವ್ವ ಆಗ. ಹೊಸದಾಗಿ ಸಾಬರ ಟೀಚರ್ ಬಂದಾರ ಅಂದ್ರು. ಮೊದಲನೇ ದಿನ ಅವರೇ ಉಪ್ಪಿಟ್ಟು ಮಾಡಿ ತೋರಿಸಿದ್ರು. ಒಂದು ಹುಡುಗಿನೂ ಬಾಯಾಗ ಇಡಲಿಲ್ಲ. ಮನ್ಯಾಗ ಬೈತಾರ ಅಂತ ಅಂಜಿಕಿ."

"ದಾದಿಮಾ ಸಿಟ್ಟಾದ್ರೇನು?"

"ಇಲ್ಲ. ಆಯ್ತು, ನೀವು ಮಾಡ್ರಿ, ನಾ ತಿಂತೀನಿ ಅಂದ್ರು. ಆ ವರ್ಷ ಪೂರ್ತಿ ಹಂಗ ನಡೀತು. ನಾವು ಮಾಡೂದು, ಅವರು ಕೈ ಚಾಚೂದು. ಹೊತ್ತಿದ್ದು, ಹಸಿ ಉಳಿದಿದ್ದು, ಉಪ್ಪಾಗಿದ್ದು, ಎಲ್ಲಾ ತಿಂದ್ರು. ಮರುವರ್ಷ ಒಂದಿನ ನಾನ ಹೋಗಿ, ಟೀಚರ್, ನಮಗೂ ನಿಮ್ಮ ಕೈಯಿಂದು ಕೊಡ್ರಿ ಅಂದೆ. ಅವತ್ತು ಎಲ್ಲರೂ ಉಂಡ್ವಿ." ಯಂಕಮ್ಮ ವಹೀದರ ಕಡೆ ತಿರುಗಿದಳು. "ಕೊನಿಗೆ ಏನು ಉಂಡು ಹೋದ್ರು ಯಪ್ಪಾ, ಅವರು?"

ವಹೀದರು ಕೋಲು ಊರಿ ಬಾಗಿಲ ಕಡೆ ತಿರುಗಿದರು. ಗುಲ್ಫಶಾ ನೆಲ ನೋಡಿದಳು.

*

ನಲವತ್ತಕ್ಕೆ ಎರಡು ದಿನ ಇರುವಾಗಲೇ ಯಂಕಮ್ಮ ಒಂದು ಚೀಲ ಪುಂಡಿಸೊಪ್ಪು ಹೊತ್ತುಕೊಂಡು ರಾಯಚೂರಿಗೆ ಬಂದಿಳಿದಳು. ಬಂದವಳೇ ಅಡುಗೆಮನೆಗೆ ಹೋಗಿ ತಹಸೀನಳ ಎದುರು ಕೂತು ಸೊಪ್ಪು ಬಿಡಿಸತೊಡಗಿದಳು. ಮೊಳೆಗೆ ತೂಗುತ್ತಿದ್ದ ವಹಿ ನೋಡಿ ಅವಳ ಮುಖ ಅರಳಿತು.

"ಇಲ್ಲಿನೂ ಬರೀತಿದ್ರೇನು? ಅಡಿಗಿ ಮಾಡಾಕಿ ನಾಲಿಗಿ ಒಲಿ ಮುಂದ ಸತ್ತಿರ್ತದ, ಇನ್ನೊಬ್ಬರು ನೋಡಬೇಕು ಅಂತಿದ್ರು ನಮಗ."

"ನೀವು ಮೂರು ವರ್ಷ ಕಲ್ತು ಹೋದ್ರಿ ಯಂಕಮ್ಮ," ಅಂದಳು ತಹಸೀನ್. "ನಾ ಹತ್ತೊಂಬತ್ತು ವರ್ಷ ಅದ ಕ್ಲಾಸಿನ್ಯಾಗ ಕುಂತೀನಿ. ಒಂದ ಸಲನೂ ಪಾಸಾಗಲಿಲ್ಲ."

ಯಂಕಮ್ಮ ನಕ್ಕಳು. "ಹೌದ ಬಿಡ್ರಿ. ಭಾಳ ಬಿಗಿ ಹೆಣ್ಮಗಳು. ನನಗ ಇಪ್ಪತ್ತೆರಡು ಕೊಟ್ಟಿದ್ರು."

"ನನಗ ಇಪ್ಪತ್ತೊಂದು."

"ಒಂದರಾಗ ಕಡಿಮಿ ಆದ್ರಿ ನೋಡವ್ವ."

ಇಷ್ಟು ದಿನಗಳಲ್ಲಿ ಮೊದಲ ಸಲ ತಹಸೀನಳ ತುಟಿಯಲ್ಲಿ ನಗು ಅಲುಗಿತು. ಆಮೇಲೆ ಸೊಪ್ಪಿನ ದಂಟು ಮುರಿಯುತ್ತಾ, ಯಾರಿಗೂ ಹೇಳದ್ದನ್ನು ಈ ಹೊರಗಿನ ಹೆಂಗಸಿಗೆ ಹೇಳಿದಳು. "ಆ ದಿನ ಪುಂಡಿಪಲ್ಯ ಚಲೋ ಆಗಿತ್ತು ಯಂಕಮ್ಮ. ನನಗ ಗೊತ್ತಿತ್ತು, ಚಲೋ ಆಗ್ಯಾದಂತ. ಅದಕ್ಕ ಕೊಡಲಿಲ್ಲ. ಇದರಾಗೂ ಏನರ ಒಂದು ಕಂಡು ಹಿಡೀತಾರ ಅನ್ನಿಸ್ತು. ಡಾಕ್ಟರ್ ಮಾತು ಆಮ್ಯಾಲ ನೆಪ್ಪಾತು."

ಯಂಕಮ್ಮ ಸೊಪ್ಪನ್ನು ಎರಡು ಸಲ ತೊಳೆದಳು, ಮೂರನೆಯ ಸಲವೂ ತೊಳೆದಳು.

ಸಂಜೆ ವಹೀದರು ಬಂದಾಗ ತಹಸೀನ್ ಹಜಾರದಲ್ಲಿ ಅವರ ಎದುರು ನಿಂತಳು. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡಳು.

"ಅಬ್ಬಾ, ಅಡಿಗಿಗೆ ಬಾವರ್ಚಿಗೆ ಹೇಳೀರಂತ."

"ಹೇಳೀನಿ. ನೂರು ಮಂದಿ ಆಗ್ತಾರ."

"ಅವನಿಗೆ ಬ್ಯಾಡನ್ರಿ. ನಾ ಮಾಡ್ತೀನಿ. ಯಂಕಮ್ಮ ದಿನಾ ಮುನ್ನೂರು ಮಕ್ಕಳಿಗೆ ಮಾಡಾಕಿ, ಸಂಗಡ ಇರ್ತಾಳ."

"ನೀ ಮಾಡಬೇಕಂತ ಯಾರು ಅಂದಾರ?"

"ಆ ದಿನ ನಾ ಕೊಡಲಿಲ್ಲ. ಖರೇ ಅದ. ಅವರ ಹೆಸರಿಲೆ ಮಾಡೂ ಕಡೀ ಅಡಿಗಿ ಇದು. ಬ್ಯಾರೇದವರ ಕೈಲೆ ಆದ್ರ ನಾ ಈ ಮನ್ಯಾಗ ಮತ್ತೊಮ್ಮೆ ಒಲಿ ಮುಂದ ಹೆಂಗ ಕೂಡ್ಲಿ, ನೀವ ಹೇಳ್ರಿ."

ವಹೀದರು ಕೋಲನ್ನು ಗೋಡೆಗೆ ಒರಗಿಸಿಟ್ಟರು. "ಮಾಡು," ಅಂದರು. "ಮಂದಿ ಉಣ್ಣಲಿ. ನನ್ನ ತಟ್ಟಿ ಮಾತ್ರ ಹಾಕಬ್ಯಾಡ."

*

ಹಿಂದಿನ ಅಂಗಳದಲ್ಲಿ ಕಲ್ಲು ಹೂಡಿ ಎರಡು ದೊಡ್ಡ ದೇಗಿಗಳನ್ನು ಏರಿಸಿದರು. ಒಂದರಲ್ಲಿ ಮಸಾಲೆಯ ಬಗಾರಾ ಅನ್ನ, ಇನ್ನೊಂದರಲ್ಲಿ ಬೇಳೆ, ಸೋರೆಕಾಯಿ ಹಾಕಿದ ದಾಲ್ಚಾ. ಮೂರನೆಯ ಸಣ್ಣ ಪಾತ್ರೆಯಲ್ಲಿ ಪುಂಡಿಪಲ್ಯ. ಬೆಳಗಿನಿಂದ ತಹಸೀನಳಿಗೆ ಒಂದೇ ಅಂಜಿಕೆ. ಫಾತಿಹಾದ ಅಡುಗೆಯನ್ನು ದುವಾ ಆಗುವ ಮುಂಚೆ ಯಾರೂ ನಾಲಿಗೆಗೆ ಹಚ್ಚುವಂತಿಲ್ಲ. ಇಷ್ಟು ಅನ್ನಕ್ಕೆ ಎಷ್ಟು ಉಪ್ಪು? ಕೈಯ ಅಂದಾಜು ಅವಳನ್ನು ನಲವತ್ತು ದಿನಗಳಿಂದ ಬಿಟ್ಟುಹೋಗಿತ್ತು.

"ನಮ್ಮ ಸಾಲ್ಯಾಗ ನಾ ನೋಡ್ತೀನಿ, ಹೆಡ್ ಮೇಡಂ ನೋಡ್ತಾರ," ಅಂದಳು ಯಂಕಮ್ಮ. "ನೋಡದಂಗ ಮಾಡೂದು ನನಗೂ ಬರೂದಿಲ್ಲವ್ವ. ಟೀಚರಮ್ಮ ಹೆಂಗ ಮಾಡ್ತಿದ್ರು?"

ಗುಲ್ಫಶಾ ಒಳಗೆ ಹೋಗಿ ವಹಿ ಬಿಚ್ಚಿಕೊಂಡು ಬಂದಳು. ಇನ್ನೊಂದು ಕೈಯಲ್ಲಿ ದಾದಿಯ ಪ್ರಾಕ್ಟಿಕಲ್ ತಕ್ಕಡಿ ಇತ್ತು. ಕೊನೆಯ ಪುಟ ತೆಗೆದು, ತಾಯಿಯ ಮುಖ ನೋಡದೆ ಓದಿದಳು: "'ನಿಯಾಜ್, ಫಾತಿಹಾ ದಿನ ರುಚಿ ನೋಡಬಾರದು. ತೂಗಬೇಕು. ಕಿಲೋ ಅಕ್ಕಿಗೆ ಉಪ್ಪು ಇಪ್ಪತ್ತು ಗ್ರಾಂ.' ಅಮ್ಮಿ, ಅಕ್ಕಿ ಎಷ್ಟದ?"

ತಹಸೀನ್‌ಗೆ ಅಕ್ಕಿಯ ಲೆಕ್ಕಕ್ಕಿಂತ ಮೊದಲು ಕೇಳಿಸಿದ್ದು 'ಅಮ್ಮಿ' ಎಂಬುದು. "ಹನ್ನೆರಡು," ಅಂದಳು.

ಹುಡುಗಿ ತಕ್ಕಡಿ ಹಿಡಿದು ಉಪ್ಪು ತೂಗತೊಡಗಿದಳು. ಅಷ್ಟರಲ್ಲಿ ಎಸರು ಕುದಿ ಬಂತು. ತಹಸೀನ್ ಒಂದು ಸೌಟು ಎಸರನ್ನು ಪಕ್ಕದ ಸಣ್ಣ ಪಾತ್ರೆಗೆ ಬಗ್ಗಿಸಿ, ಒಂದು ಹಿಡಿ ಅಕ್ಕಿ ಹಾಕಿ, ಬದಿಯ ಒಲೆಗೆ ಇಟ್ಟಳು. ದಾಲ್ಚಾದಲ್ಲೂ ಒಂದು ಬಟ್ಟಲು, ಪುಂಡಿಪಲ್ಯದಲ್ಲಿ ಎರಡು ಚಮಚ, ಉಪ್ಪು ಬೀಳುವ ಮೊದಲೇ ತೆಗೆದಿಟ್ಟಳು. ಇದೆಲ್ಲ ಮಾಡುತ್ತಾ ಅವಳು ಬಂದವರಿಗೆ ಚಾಪೆ ಎಲ್ಲಿದೆ ಎಂದು ಹೇಳುತ್ತಿದ್ದಳು, ಚೀಕಲಪರ್ವಿಯಿಂದ ಬಂದಿದ್ದ ತಾಯಿಯ ಕೂಡ ಮಾತಾಡುತ್ತಿದ್ದಳು. ತನ್ನ ಕೈ ಏನು ಮಾಡುತ್ತಿದೆ ಎಂಬುದು ಅವಳ ಗಮನಕ್ಕೇ ಬರಲಿಲ್ಲ.

ಗುಲ್ಫಶಾ ನೋಡಿದಳು. ತಕ್ಕಡಿ ಕೈಯಲ್ಲಿ ಹಾಗೇ ನಿಂತಿತು.

ಫಾತಿಹಾ ಓದಲು ಮಸೀದಿಯ ಮೌಲಾಹುಸೇನ ಬಂದು ಕೂತಾಗ ಊದುಬತ್ತಿ ಹಚ್ಚಿ, ಟೀಚರ್ ಹೆಸರಿನ ತಟ್ಟೆಯನ್ನು ಅವನ ಮುಂದೆ ಇಟ್ಟವಳು ಗುಲ್ಫಶಾ. ಅವಳು ಅದನ್ನು ದೇಗಿಯಿಂದ ತುಂಬಿರಲಿಲ್ಲ. ಬದಿಯ ಸಣ್ಣ ಪಾತ್ರೆಗಳಿಂದ ತುಂಬಿದ್ದಳು. ದಾದಿಮಾನ ಹೆಸರಿನ ತಟ್ಟೆ, ದಾದಿಮಾನ ಪಾತ್ರೆಯದು. ಅವಳಿಗೆ ಅದು ಸರಿಯಾಗಿಯೇ ಕಂಡಿತ್ತು.

ದುವಾ ಮುಗಿಯಿತು. ಗಂಡಸರು ಮುಂದೆ ಹಜಾರದಲ್ಲಿ ಸಾಲಾಗಿ ಕೂತರು. ವಹೀದರು ಗೋಡೆಗೆ ಒರಗಿ ನಿಂತೇ ಇದ್ದರು. ಮೌಲಾಹುಸೇನ ಆ ತಟ್ಟೆ ಎತ್ತಿ ಅವರಿಗೆ ಹಿಡಿದ.

"ತಗೋರಿ ಸಾಹೇಬ್ರ. ಮನಿ ಹಿರ್ಯಾರು ನೀವು."

"ನನಗ ನಕ್ಕೋ, ಬ್ಯಾಡ. ಹಸಿವಿಲ್ಲ."

"ಟೀಚರಮ್ಮನ ಹೆಸರಿಂದು. ಫಾತಿಹಾ ಆದ ತಟ್ಟಿ ಬ್ಯಾಡ ಅನ್ನಬಾರ್ದು."

ಎಲ್ಲರೂ ನೋಡುತ್ತಿದ್ದರು. ವಹೀದರು ಕೂತು ತಟ್ಟೆ ತೊಡೆಯ ಮುಂದೆ ಇಟ್ಟುಕೊಂಡರು. ಅನ್ನಕ್ಕೆ ಪುಂಡಿಪಲ್ಯ ಕಲೆಸಿ ಒಂದು ತುತ್ತು ಇಟ್ಟರು. ಅಗಿಯುವುದು ನಿಂತಿತು. ಪಕ್ಕದ ಸಾಲಿನಲ್ಲಿ ರಾಹಿಲ್‌ನ ಗೆಳೆಯರು, "ಉಪ್ಪು ಖಾರ ಎಲ್ಲಾ ಹದ ಆಗ್ಯಾದ ನೋಡಪಾ," ಅಂತ ಉಣ್ಣುತ್ತಿದ್ದರು.

ಬಾಗಿಲ ಪರದೆಯ ಹಿಂದೆ ನಿಂತಿದ್ದ ತಹಸೀನ್ ಮಾವನ ಮುಖ ನೋಡಿದಳು. ಹಿಂದಿನ ಅಂಗಳದ ಒಲೆಯ ಕಡೆ ತಿರುಗಿ ನೋಡಿದಳು. ಸಣ್ಣ ಪಾತ್ರೆ ಖಾಲಿ ಇತ್ತು. ಅವಳಿಗೆ ಆಗ ತಿಳಿಯಿತು. ಗಂಡಸರ ಸಾಲು ಇದೆ ಅನ್ನುವುದನ್ನೂ ಮರೆತು ಹೊರಗೆ ಓಡಿಬಂದು ಅವರ ಮುಂದೆ ಮೊಣಕಾಲೂರಿದಳು.

"ಅಬ್ಬಾ, ಅದು ತಪ್ಪಿ ಬಂದದ. ಕೊಡ್ರಿ, ಬ್ಯಾರೆ ಹಾಕ್ತೀನಿ. ಅದು ಅಮ್ಮಾಂದು. ದಿನಾ ತಗದಿಡತಿದ್ದೆ, ಇವತ್ತೂ ಕೈ..."

ವಹೀದರು ಬಾಯಿಯಲ್ಲಿದ್ದುದನ್ನು ನುಂಗಿದರು. "ಎಂಟು ತಿಂಗಳು ಇದನ್ನ ಉಂಡ್ಳೇನು?"

"ಹೌ."

"ಪುಂಡಿಪಲ್ಯನೂ ಹಿಂಗ?"

"ಹಿಂಗ, ಅಬ್ಬಾ."

ಅವಳು ತಟ್ಟೆಗೆ ಕೈ ಚಾಚಿದಳು. ಅವರು ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಎದುರಿಗೆ ಕೂತು ಒಂದಿನ ನೋಡಲಿಲ್ಲ ನಾನು," ಅಂದರು. "ಅಕಿ ತಟ್ಟ್ಯಾಗ ಏನದ ಅಂತ ಒಂದು ತುತ್ತರ ತಿಂದು ನೋಡಲಿಲ್ಲ."

ತಟ್ಟೆ ಖಾಲಿಯಾಗುವವರೆಗೆ ಅವರು ತಲೆ ಎತ್ತಲಿಲ್ಲ. ಹೆಚ್ಚು ಹೊತ್ತು ಹಿಡಿಯಿತು. ಕೊನೆಯಲ್ಲಿ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸಿ ತಿಂದರು. ತಹಸೀನ್ ಅಲ್ಲೇ ಕೂತಿದ್ದಳು. ಯಾರೂ ಅವಳನ್ನು ಒಳಗೆ ಹೋಗು ಅನ್ನಲಿಲ್ಲ.

*

ಮರುದಿನ ಯಂಕಮ್ಮ ಬಸ್ಸು ಹತ್ತಿ ಹೋದಳು. ತೊಳೆದ ದೇಗಿಗಳು ಬಾಡಿಗೆಯ ಅಂಗಡಿಗೆ ಹೋದವು. ಮಧ್ಯಾಹ್ನ ತಹಸೀನ್ ಬೇಳೆ ಇಳಿಸುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ಕೋಲಿನ ಸದ್ದಾಯಿತು. ವಹೀದರು ಜೊಹರ್ ಮುಗಿಸಿ ಬಂದಿದ್ದರು. ಹೋಟೆಲಿಗೆ ಹೋಗಿರಲಿಲ್ಲ. ಹೊಸ್ತಿಲ ಈಚೆಗೇ ನಿಂತು ಬಲಗೈ ಚಾಚಿದರು, ಅಂಗೈ ಮೇಲೆ ಮಾಡಿ.

"ತಾ, ನೋಡ್ತೀನಿ."

ತಹಸೀನ್ ಸೌಟಿನಿಂದ ನಾಲ್ಕು ಹನಿ ಬೇಳೆ ಹಾಕಿದಳು. ಅವರು ನೆಕ್ಕಿದರು. ಕಣ್ಣು ಮುಚ್ಚಿದರು.

"ತಿಳಿಯವಲ್ದು ಬೇಟಾ," ಅಂದರು. "ನಲವತ್ತೇಳು ವರ್ಷ ಅಕಿ ನೋಡಿದ್ದನ್ನ ಉಂಡೀನಿ. ನನಗ ಇದು ಗೊತ್ತಾಗೂದಿಲ್ಲ."

"ನನಗೂ ಗೊತ್ತಾಗೂದಿಲ್ಲ ಅಬ್ಬಾ."

ಗುಲ್ಫಶಾ ದಸ್ತರಖಾನ ಹಾಸಿದಳು. ರಾಹಿಲ್ ಅಂಗಡಿಯಿಂದ ಬಂದು ಕೂತ. ಅವತ್ತಿನ ಬೇಳೆಗೆ ಉಪ್ಪು ಕಡಿಮೆ ಇತ್ತು. ನಾಲ್ವರೂ ಉಂಡರು. ಉಪ್ಪಿನ ಡಬ್ಬಿ ಕೈಗೆ ಸಿಗುವಷ್ಟು ಹತ್ತಿರವೇ ಇತ್ತು. ಯಾರೂ ಕೇಳಲಿಲ್ಲ.